ಎಸ್-14ನೇ ಹಾಳೆಗೆ ಬಿದ್ದ ಬೀಗ

ಇಡೀ ವಿನ್ಯಾಸ ಕಚೇರಿಯ ಎದುರು, ಎಲ್ಲರ ಕೈಯಲ್ಲೂ ಚಹದ ಲೋಟ ಇರುವಾಗ, ತೈಸಿಯಾ ರೊಮಾನೊವ್ನಾ ಅವನನ್ನು ಗ್ಲೆಬುಷ್ಕಾ ಎಂದು ಕರೆದಳು.

"ಗ್ಲೆಬುಷ್ಕಾ, ಇದು ಕೋಳಿಗೂಡಲ್ಲಪ್ಪಾ. ಕೆಳಗೆ ಮಕ್ಕಳು ಸ್ಕೇಟಿಂಗ್ ಮಾಡ್ತಾರೆ, ಮೇಲೆ ಆಳೆತ್ತರ ಹಿಮ ಕೂತ್ಕೊಳುತ್ತೆ. ಎಂಟು ಬೋಲ್ಟ್ ಸಾಕು ಅಂತೀಯಲ್ಲ, ಆ ಚಾವಣಿನ ನಿನ್ನ ತಲೆ ಮೇಲೆ ನಿಲ್ಸೋಣ್ವಾ? ಹನ್ನೆರಡು ಹಾಕು."

ಎಲ್ಲರೂ ನಕ್ಕರು. ಗ್ಲೆಬ್ ಅರ್ಕಾದ್ಯೆವಿಚ್ ಕೂಡ ನಕ್ಕ. ಚೆಲ್ಯಾಬಿನ್ಸ್ಕಿನ ಆ ಕಚೇರಿಯಲ್ಲಿ ಗೇಟು ಕಾಯುವ ಮುದುಕಿಯೂ ಅವನನ್ನು ಅಪ್ಪನ ಹೆಸರು ಸೇರಿಸಿ, ಗ್ಲೆಬ್ ಅರ್ಕಾದ್ಯೆವಿಚ್ ಎಂದು ಪೂರ್ತಿ ಮರ್ಯಾದೆ ಕೊಟ್ಟು ಕರೆಯುತ್ತಿದ್ದಳು. ಈ ಹೆಂಗಸೋ, ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಸ್ಕೇಲು ಹಿಡಿಯುವುದನ್ನು ಅವನಿಂದಲೇ ಕಲಿತವಳು, ಮುಖ್ಯ ಎಂಜಿನಿಯರಿನ ಕುರ್ಚಿ ಸಿಕ್ಕಿದ ಮೇಲೆ ಅವನಪ್ಪನನ್ನು ಕತ್ತರಿಸಿ ಎಸೆದು ತೊಟ್ಟಿಲ ಕೂಸನ್ನು ಕರೆಯುವ ಹಾಗೆ ಕರೆದಿದ್ದಳು. ಆ ಕುರ್ಚಿ ತನ್ನದಾಗಬೇಕಿತ್ತು ಎಂದು ಅವನು ಎಷ್ಟೋ ವರ್ಷದಿಂದ ನಂಬಿಕೊಂಡು ಬಂದಿದ್ದ. ಬೇರೆ ಯಾರೂ ಹಾಗೆ ನಂಬಿರಲಿಲ್ಲ ಎನ್ನುವುದು ಅವನ ಗಮನಕ್ಕೆ ಬಂದಿರಲಿಲ್ಲ.

ಅವನು ಹನ್ನೆರಡು ಬೋಲ್ಟು ಬರೆದ. ಐಸ್ ಅರಮನೆಯ ಕಮಾನು ಚಾವಣಿಯಲ್ಲಿ ಎರಡು ಬದಿಯ ಉಕ್ಕು ನೆತ್ತಿಯಲ್ಲಿ ಬಂದು ಸೇರುವ ಜಾಗದ ನಕ್ಷೆ ಅದು, ಎಸ್-14ನೇ ಹಾಳೆ. ಅದು ಅವಳ ಸಹಿ ಹೊತ್ತು ಹೊರಟುಹೋಯಿತು. ತನ್ನ ಎಂಟು ಬೋಲ್ಟಿನ ಹಾಳೆಯನ್ನು ಮಾತ್ರ ಅವನು ಅಳಿಸಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ 'ನನ್ನದು' ಎಂದು ಹೆಸರು ಕೊಟ್ಟು ಇಟ್ಟುಕೊಂಡ.

ಆಮೇಲೆ ಅವಳು ಅವನನ್ನು ದಾಖಲೆ ಕೋಣೆಗೆ ತಳ್ಳಿದಳು. "ನಿನ್ನ ಕೈ ಅಚ್ಚುಕಟ್ಟು" ಎಂದು ಮೂಗಿಗೆ ತುಪ್ಪ ಸವರಿದಳು. ಅಲ್ಲಿ ಅವನಿಗೆ ಕೊಟ್ಟ ಮೊದಲ ಕೆಲಸವೇ ಹೊಟ್ಟೆ ಉರಿಸುವಂಥದ್ದು. ಚಾವಣಿಯ ಹಾಳೆಗಳ ಹೆಸರೆಲ್ಲ ಎಸ್ ಅಕ್ಷರದಿಂದ ಶುರು. ಯಾರೋ ಸೋಮಾರಿಗಳು ಕೆಲವನ್ನು ರಷ್ಯನ್ ಬಿಟ್ಟು ಇಂಗ್ಲಿಷಿನಲ್ಲಿ ಒತ್ತಿದ್ದರು, ಹುಡುಕಿದರೆ ಸಿಗುತ್ತಿರಲಿಲ್ಲ. ತಿದ್ದಬೇಕಂತೆ. ತಲೆ ನರೆತ ಎಂಜಿನಿಯರು ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂತು ಅಕ್ಷರ ತಿದ್ದಿದ, ಪ್ರತಿ ಅಕ್ಷರಕ್ಕೂ ಅವಳಿಗೊಂದು ಶಾಪ ಹಾಕುತ್ತ. ಐಸ್ ಅರಮನೆ ಉದ್ಘಾಟನೆಯಾದ ದಿನ ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಅವಳ ಹೆಸರು ಹೊಳೆಯಿತು. ಅವನದು ಎಲ್ಲೂ ಇರಲಿಲ್ಲ. ಅವನು ಕೋಟಿನ ಕಾಲರು ಮೇಲೆತ್ತಿಕೊಂಡು ಬಸ್ಸು ಹತ್ತಿ ಮನೆಗೆ ಬಂದ. ಹುಳಿ ಎಲೆಕೋಸಿನ ಸಾರು ಬಿಸಿ ಮಾಡಿಕೊಂಡು ಒಬ್ಬನೇ ಉಂಡ.

ಫೆಬ್ರವರಿಯಲ್ಲಿ ಆ ಚಾವಣಿ ಬಿತ್ತು.

ಇಡೀ ಚಾವಣಿಯಲ್ಲ, ನೆತ್ತಿಯ ಒಂದು ಕೂಡು ಬಿಚ್ಚಿಕೊಂಡು ಒಂದು ಭಾಗ ಕುಸಿಯಿತು. ಮಕ್ಕಳು ಆಗಷ್ಟೇ ಸ್ಕೇಟು ಬಿಚ್ಚಲು ಒಳಗೆ ಹೋಗಿದ್ದರು. ಅವರಲ್ಲಿ ತೈಸಿಯಾಳ ಮಗಳು ವಾರ್ಯಾ ಕೂಡ ಇದ್ದಳು. ಐಸು ಹೆರೆದು ನಯ ಮಾಡುವ ಗಾಡಿ ಓಡಿಸುತ್ತಿದ್ದ ಜಖಾರ್ ಮಾತ್ರ ಕೆಳಗಿದ್ದ, ಅವನು ಅಲ್ಲೇ ಸತ್ತ. ಅವಶೇಷದಲ್ಲಿ ನೋಡಿದರೆ ಆ ಕೂಡಿನಲ್ಲಿ ಇದ್ದದ್ದು ಎಂಟೇ ಬೋಲ್ಟು. ಕಟ್ಟಿದ ಕಂಪನಿಯವರು ಉಳಿಸಿ ತಿಂದಿದ್ದರು. ಅಂದರೆ ತೈಸಿಯಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎಂಟು ಸಾಲುತ್ತಿರಲಿಲ್ಲ.

ನಾಚಿಕೆ ಇರುವ ಯಾವ ಮನುಷ್ಯನಾದರೂ ಅವತ್ತು ತನ್ನ ಎಂಟು ಬೋಲ್ಟಿನ ಹಾಳೆಯನ್ನು ಅಳಿಸಿ, ಸದ್ಯ ಅವಳಾದರೂ ತಡೆದಳಲ್ಲ ಎಂದು ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಗ್ಲೆಬ್ ಅರ್ಕಾದ್ಯೆವಿಚ್‌ಗೆ ಬಂದದ್ದು ಸಿಟ್ಟು. ಅವಳು ಸರಿಯಾಗಿದ್ದಳು, ಇಷ್ಟು ದೊಡ್ಡದಾಗಿ, ಇಡೀ ಊರಿಗೆ ಕೇಳುವ ಸದ್ದಿನಲ್ಲಿ ಸರಿಯಾಗಿದ್ದಳು ಎನ್ನುವುದು ಅವನಿಗೆ ಸಹಿಸಲಾಗಲಿಲ್ಲ. ಜಖಾರನ ಹೆಂಡತಿ ಕ್ಲಾವ್ದಿಯಾ ಕಚೇರಿಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಾಗ ಅವಳಿಗೆ ಚಹ ತಂದುಕೊಟ್ಟವನು ಅವನೇ.

"ಯಾರು ಮಾಡಿದ್ರು ಅಂತ ಹೇಳಿ ಸಾಕು" ಎಂದಳು ಕ್ಲಾವ್ದಿಯಾ. "ನಂಗೆ ಬೇರೇನೂ ಬೇಡ. ಯಾರು ಅಂತ ಒಂದ್ ಹೇಳಿ."

"ಗೊತ್ತಾಗುತ್ತಮ್ಮಾ" ಎಂದ ಅವನು. "ಎಲ್ಲಾ ಗೊತ್ತಾಗುತ್ತೆ."

ಹಾಗೆ ಹೇಳುವಾಗಲೇ ಅವನಿಗೆ ಉಪಾಯ ಹೊಳೆದಿತ್ತು.

ಕಟ್ಟಿದ ಕಂಪನಿ, ನಕ್ಷೆಯಲ್ಲೇ ಎಂಟಿತ್ತು ಎಂದು ವಾದಿಸುತ್ತಿತ್ತು. ಅವರ ಕಾಗದದ ಪ್ರತಿಗಳು ಅನುಕೂಲಕ್ಕೆ ಸರಿಯಾಗಿ ಸುಟ್ಟುಹೋಗಿದ್ದವು. ಕಚೇರಿಯ ಕಾಗದದ ಪ್ರತಿ ಹಿಂದಿನ ಚಳಿಗಾಲದಲ್ಲಿ ನೆಲಮಾಳಿಗೆಯ ಬಿಸಿನೀರಿನ ಪೈಪು ಒಡೆದಾಗ ಗಂಜಿಯಾಗಿತ್ತು. ಉಳಿದದ್ದು ದಾಖಲೆ ಕೋಣೆಯ ಒಂದು ಸಿ.ಡಿ. ಅದರಲ್ಲಿ ಹನ್ನೆರಡಿದ್ದರೆ ಕಂಪನಿಯವರು ಜೈಲಿಗೆ. ಎಂಟಿದ್ದರೆ, ಕೆಳಗೆ ಯಾರ ಸಹಿ ಇದೆಯೋ ಅವರು ಜೈಲಿಗೆ. ತನಿಖೆಯವರು ಮಹಿಳಾ ದಿನದ ರಜೆ ಮುಗಿದ ಮೇಲೆ ಬಂದು ಸಿ.ಡಿ. ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅದರ ಕಪಾಟಿನ ಕೀಲಿ ಗ್ಲೆಬ್ ಅರ್ಕಾದ್ಯೆವಿಚ್‌ನ ಜೇಬಿನಲ್ಲಿತ್ತು.

ಆದರೆ ಕೀಲಿ ಇದ್ದರೆ ಸಾಲದು. ಹಾಳೆಗಳನ್ನು ಸಿ.ಡಿ.ಯಲ್ಲಿ ಬಿಡಿಬಿಡಿಯಾಗಿ ಇಟ್ಟಿರಲಿಲ್ಲ. ಫೈಲುಗಳನ್ನೆಲ್ಲ ಒತ್ತಿ ಹಿಂಡಿ ಒಂದೇ ಗಂಟಾಗಿ ಕಟ್ಟುವ ಪ್ರೋಗ್ರಾಮೊಂದು ಊರಲ್ಲೆಲ್ಲ ಬಳಕೆಯಲ್ಲಿತ್ತು, ಅದರಿಂದ ಕಟ್ಟಿದ ಗಂಟು ಅದು. ಹೊರಗಿನವರು ಕೈ ಹಾಕದಂತೆ ಅದಕ್ಕೆ ಮೂರು ಕಾವಲು. ಮೊದಲನೆಯದು ಬೀಗ. ಒಮ್ಮೆ ಹಾಕಿದರೆ ಆ ಗಂಟಿಗೆ ಒಂದು ಫೈಲು ಸೇರಿಸಲೂ ಆಗದು, ತೆಗೆಯಲೂ ಆಗದು, ಕಟ್ಟಿದವನಿಗೇ ಆಗದು. ಬಿಚ್ಚಿ ಓದಬಹುದು ಅಷ್ಟೆ. ಎರಡನೆಯದು ಮುದ್ರೆ. ಯಾರು ಕಟ್ಟಿದರು, ಯಾವ ದಿನ ಕಟ್ಟಿದರು ಎಂದು ಅರಗಿನ ಮುದ್ರೆಯ ಹಾಗೆ ಅಂಟಿಕೊಂಡಿರುತ್ತದೆ, ಒಂದು ಚುಕ್ಕೆ ಕದಲಿದರೂ ಮುದ್ರೆ ಒಡೆದಿದೆ ಎಂದು ಅರಚುತ್ತದೆ. ಮೂರನೆಯದು ತೇಪೆ. ಗಂಟಿನ ಒಳಗೇ ಒಂದಿಷ್ಟು ಹೆಚ್ಚಿನ ಬಟ್ಟೆ ಮಡಚಿ ಇಟ್ಟ ಹಾಗೆ, ಎಲ್ಲಾದರೂ ಹರಿದರೆ ಅದರಿಂದಲೇ ಹೊಲಿದುಕೊಳ್ಳುತ್ತದೆ.

ಇವನು ಮೊದಲು ಯೋಚಿಸಿದ್ದು ಸಿ.ಡಿ.ಯನ್ನು ಕೆರೆದು ಹಾಳುಮಾಡುವುದನ್ನು. ಪೆದ್ದರು ಮಾಡುವ ಕೆಲಸ ಅದು ಎಂದು ತನಗೆ ತಾನೇ ನಕ್ಕ. ತೇಪೆ ಇದೆಯಲ್ಲ, ಹೊಲಿದುಕೊಂಡು ಎದ್ದು ಕೂರುತ್ತದೆ. ಒಳಗಿನ ಹಾಳೆಯನ್ನು ಅಲ್ಲೇ ತಿದ್ದೋಣವೆಂದರೆ ಬೀಗ. ದಾರಿ ಒಂದೇ. ಹಳೆಯ ಗಂಟನ್ನು ಪೂರ್ತಿ ಬಿಚ್ಚಿ, ಹಾಳೆಗಳನ್ನು ಒಂದು ಫೋಲ್ಡರಿನಲ್ಲಿ ಹರಡಿ, ಎಸ್-14ರ ಜಾಗದಲ್ಲಿ ಬೇರೆ ಎಸ್-14 ಇಟ್ಟು, ಹೊಸದಾಗಿ ಗಂಟು ಕಟ್ಟುವುದು. ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಮುದ್ರೆಯ ಮೇಲೆ ಹಳೆಯ ತಾರೀಕೇ ಬೀಳುತ್ತದೆ. ಬೀಗವೂ ಹೊಸದು, ತೇಪೆಯೂ ಹೊಸದು. ಮೂರು ನಾಯಿಗಳೂ ಇನ್ನು ಮೇಲೆ ಅವನ ಪರವಾಗಿ ಬೊಗಳುತ್ತವೆ.

ಮುದ್ರೆ ಯಾರದು ಎನ್ನುವಿರೋ? ಅವನದೇ. ಪ್ರೋಗ್ರಾಮು ಕೊಂಡಾಗ ಅವನು ಕಚೇರಿಯ ಹೆಸರು ಕೊಡುವ ಬದಲು ತನ್ನ ಹೆಸರು ಕೊಟ್ಟಿದ್ದ. ಗ್ಲೆಬ್ ಅರ್ಕಾದ್ಯೆವಿಚ್ ಸಾಲ್ನಿಕೊವ್, ಅಪ್ಪನ ಹೆಸರೂ ಮನೆತನದ ಹೆಸರೂ ಸೇರಿ ಪೂರ್ತಿಯಾಗಿ. ಆ ಇಡೀ ಕಟ್ಟಡದಲ್ಲಿ ಅವನನ್ನು ಎಂದೂ ಗ್ಲೆಬುಷ್ಕಾ ಎನ್ನದ ವಸ್ತು ಅದೊಂದೇ. ಕೆಲವು ಸಲ ಸುಮ್ಮನೆ ಒಂದು ಗಂಟನ್ನು ತೆರೆದು ಮುದ್ರೆ ಓದಿ ಮುಚ್ಚುತ್ತಿದ್ದ.

ಶನಿವಾರ ಮನೆಯಲ್ಲಿ ಕೂತು ಹಾಳೆ ತಯಾರು ಮಾಡಿದ. ಸುಲಭದ ದಾರಿ ಎಂದರೆ ತೈಸಿಯಾಳ ಎಸ್-14 ತೆರೆದು ನಾಲ್ಕು ಬೋಲ್ಟು ಅಳಿಸಿ ಹಾಗೇ ಉಳಿಸುವುದು. ಆದರೆ ಅವನಿಗೆ ಅದು ಒಗ್ಗಲಿಲ್ಲ. ಅವಳ ಹಾಳೆಯನ್ನು ತಾನೇಕೆ ಮುಟ್ಟಬೇಕು? ಅವಳು ಎಲ್ಲರೆದುರು ಉಗಿದ ಹಾಳೆಯೇ ಅವಳನ್ನು ಒಳಗೆ ಹಾಕಬೇಕು. ಅದೇ ನ್ಯಾಯ. ಅವನು 'ನನ್ನದು' ತೆರೆದ. ಸುತ್ತಿನ ಚೌಕಟ್ಟನ್ನು ಹೊಂದಿಸಿದ, ಒಂದೆರಡು ಗೆರೆ ಎಳೆದ, ಒಂದೆರಡು ಕತ್ತರಿಸಿದ. ನಕ್ಷೆಯ ಪ್ರೋಗ್ರಾಮಿಗೆ ಹುಕುಂ ಕೊಡುವುದು ಇಂಗ್ಲಿಷಿನಲ್ಲಿ. ಅಷ್ಟು ವರ್ಷದ ಅಭ್ಯಾಸ, ಬೆರಳು ತಾನಾಗಿ ಓಡಿತು. ಮೂಲೆಯಲ್ಲಿ ತೈಸಿಯಾಳ ಸಹಿಯ ಚಿತ್ರ ಅಂಟಿಸಿದ. ಸಹಿಯ ಕೊನೆಯ ಬಾಲ ತುಸು ಮೇಲೆ ಹೋಗುತ್ತದೆ, ಅವಳ ಮೂಗಿನ ಹಾಗೆ. ಆಮೇಲೆ ಅದೇ ಬಿಸಿಯಲ್ಲಿ ಹೆಸರು ಒತ್ತಿದ, ಎಸ್-14, ಉಳಿಸಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ದೋಷ ಕಾಣದ ಹಾಳೆ. ಖುಷಿಯಲ್ಲಿ ಎರಡು ಗ್ಲಾಸು ಚಹ ಕುಡಿದ.

ಮಹಿಳಾ ದಿನದ ಸಂತೋಷಕೂಟವನ್ನು ಕಚೇರಿಯವರು ರಜೆಯ ಹಿಂದಿನ ಮಧ್ಯಾಹ್ನವೇ ಇಟ್ಟುಕೊಂಡಿದ್ದರು. ಮೇಲಿನ ಹಾಲಿನಲ್ಲಿ ಮೇಜು ಜೋಡಿಸಿ ಕೇಕು, ಉಪ್ಪಿನ ಮೀನು, ಮೇಯನೇಸಿನ ಸಲಾಡು, ಶಾಂಪೇನು ಇಟ್ಟಿದ್ದರು. ಚಾವಣಿ ಬಿದ್ದ ದುಃಖ ಇದ್ದರೂ ಗಂಡಸರು ಪದ್ಧತಿ ಬಿಡಲಿಲ್ಲ, ಹೂ ತಂದು ಹಂಚಿದರು. ಗ್ಲೆಬ್ ಅರ್ಕಾದ್ಯೆವಿಚ್ ಮಿಮೋಸಾ ಹೂವಿನ ಒಂದು ಗೊಂಚಲು ತೈಸಿಯಾಳಿಗೆ ಕೊಟ್ಟ. ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಥ್ಯಾಂಕ್ಸ್ ಗ್ಲೆಬುಷ್ಕಾ" ಎಂದಳು. "ನಿದ್ದೇನೇ ಬರ್ತಿಲ್ಲ ಕಣೋ. ವಾರ್ಯಾ ರಾತ್ರಿ ಎದ್ದು ಕಿರುಚ್ತಾಳೆ. ಆ ಸಿ.ಡಿ. ಒಂದು ಇದೆಯಲ್ಲಾ ಅಂತ ಧೈರ್ಯ. ಅದನ್ನ ಜೋಪಾನ ಮಾಡು."

"ನನ್ನ ಪ್ರಾಣಕ್ಕಿಂತ ಹೆಚ್ಚಾಗಿ" ಎಂದ ಅವನು.

ಆ ಹೆಂಗಸು ಅವನ ಕೈ ಹಿಡಿದು ಒತ್ತಿದಳು. ಅವಳ ಕೈ ತಣ್ಣಗಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಒಂದು ಕ್ಷಣದಲ್ಲಿ ಕರಗಿ ನೀರಾಗುತ್ತಿದ್ದರು. ಅವನ ಕಿವಿಗೆ ಬಿದ್ದದ್ದು ಮಾತ್ರ ಗ್ಲೆಬುಷ್ಕಾ ಎಂಬ ಒಂದು ಪದ. ಮೊದಲನೇ ಟೋಸ್ಟಿಗೆ ಗ್ಲಾಸು ಎತ್ತಿ, ಎರಡನೆಯದಕ್ಕೆ ಮುಂಚೆ ಅವನು ಮೆಟ್ಟಿಲಿಳಿದ.

ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡ. ಗಡಿಯಾರವನ್ನು ಹಳೆಯ ಗಂಟು ಕಟ್ಟಿದ ದಿನಕ್ಕೆ, ಹಿಂದಿನ ಅಕ್ಟೋಬರಿಗೂ ಹಿಂದಿನ ಅಕ್ಟೋಬರಿಗೆ ತಿರುಗಿಸಿದ. ಗಂಟು ಬಿಚ್ಚಿದ. ನೂರಾರು ಹಾಳೆಗಳು ಫೋಲ್ಡರಿನಲ್ಲಿ ಸಾಲಾಗಿ ಕೂತವು. ಮನೆಯಿಂದ ತಂದ ಫ್ಲಾಪಿಯಿಂದ ತನ್ನ ಎಸ್-14 ಎಳೆದು ಅವುಗಳ ನಡುವೆ ಬಿಟ್ಟ. ಇಂಥ ಹೊತ್ತಿನಲ್ಲಿ ಕಂಪ್ಯೂಟರು ಒಂದು ಪ್ರಶ್ನೆ ಕೇಳುವುದುಂಟು, ಇದೇ ಹೆಸರಿನ ಫೈಲು ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಹಾಕಲೇ ಎಂದು. ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿ ಇಟ್ಟುಕೊಂಡಿದ್ದ. ಏನೂ ಕೇಳಲಿಲ್ಲ. ಮೇಲೆ ಹಾಲಿನಲ್ಲಿ ಯಾರೋ ಅಕಾರ್ಡಿಯನ್ ನುಡಿಸಲು ಶುರು ಮಾಡಿದ್ದರು, ಕಾಲು ಕುಟ್ಟುವ ಸದ್ದು ಚಾವಣಿಯಿಂದ ಇಳಿಯುತ್ತಿತ್ತು. ಈ ಯಂತ್ರಕ್ಕೂ ತನ್ನ ಮನಸ್ಸು ಅರ್ಥವಾಯಿತು, ಕೇಳದೆಯೇ ಮಾಡಿತು ಎಂದುಕೊಂಡ.

ಆದರೂ ಅವನು ಎಚ್ಚರದ ಮನುಷ್ಯ. ಪರೀಕ್ಷಿಸದೆ ಬಿಡುವವನಲ್ಲ. ಹೊಸದಾಗಿ ತಂದ ಫೈಲು, ಇನ್ನೂ ಅಕ್ಷರದ ಸಾಲಿಗೆ ಸೇರದೆ, ಪಟ್ಟಿಯ ಕೊನೆಯಲ್ಲಿ ನೀಲಿ ಬಣ್ಣ ಬಳಿದುಕೊಂಡು ಕೂತಿತ್ತು. ಅದನ್ನು ಒತ್ತಿ ತೆರೆದ. ಎಂಟು ಬೋಲ್ಟು, ಅವಳ ಸಹಿ. ಸಾಕು. ಇಡೀ ಫೋಲ್ಡರನ್ನು ಗಂಟು ಕಟ್ಟಿದ. ತೇಪೆ ಇಟ್ಟ. ಮುದ್ರೆ ಒತ್ತಿದ. ಬೀಗ ಹಾಕುವ ಮುಂಚೆ ಪ್ರೋಗ್ರಾಮು ಕೇಳಿತು, ಇದನ್ನು ಮತ್ತೆಂದೂ ಬದಲಿಸಲಾಗದು, ಆಗಬಹುದೇ? ಆಗಬಹುದು ಎಂದು ಒತ್ತುವಾಗ ಅವನಿಗೆ ಮೈಯೆಲ್ಲ ಹಿತವಾಯಿತು. ಹೊಸ ಸಿ.ಡಿ.ಗೆ ಬರೆದು, ಹಳೆಯದನ್ನು ನಾಲ್ಕು ತುಂಡು ಮಾಡಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ಮೇಲೆ ಹೋದಾಗ ಕೇಕು ಇನ್ನೂ ಉಳಿದಿತ್ತು. ಎರಡು ತುಂಡು ತಿಂದ.

ರಜೆ ಮುಗಿದ ಮೇಲೆ ತನಿಖೆಯವರು ಬಂದರು. ಅಧಿಕಾರಿ ಪ್ರೊಖೊರ್ ದೆನಿಸೊವಿಚ್‌ಗೆ ನೆಗಡಿ. ಮಾತಿಗೊಮ್ಮೆ ಮೂಗು ಒರೆಸುತ್ತಿದ್ದ. ಜೊತೆಗೆ ಟೈಪಿಸ್ಟ್ ಹುಡುಗಿಯೊಬ್ಬಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ತೈಸಿಯಾ ಮೇಜಿನ ಆ ತುದಿಯಲ್ಲಿ ಕೈ ಕಟ್ಟಿ ಕೂತಿದ್ದಳು. ಗೋಡೆಯ ಬಳಿ ಕ್ಲಾವ್ದಿಯಾ, ಕಪ್ಪು ಶಾಲು ಹೊದ್ದು. ಗೋಡೆಗೆ ಬಿಳಿ ಪರದೆ ಕಟ್ಟಿ ಕಂಪ್ಯೂಟರಿನ ತೆರೆಯನ್ನು ಅದರ ಮೇಲೆ ದೊಡ್ಡದಾಗಿ ಬಿಟ್ಟಿದ್ದರು.

"ಈ ಸಿ.ಡಿ.ಗೆ ಆಮೇಲೆ ಯಾರಾದ್ರೂ ಕೈ ಹಾಕಿರಬಹುದಾ?" ಎಂದು ಅಧಿಕಾರಿ ಕೇಳಿದ.

"ಸಾಧ್ಯವೇ ಇಲ್ಲ." ಗ್ಲೆಬ್ ಅರ್ಕಾದ್ಯೆವಿಚ್ ಎದ್ದು ನಿಂತ. ಈ ಘಳಿಗೆಗಾಗಿ ಅವನು ಇಸ್ತ್ರಿ ಮಾಡಿದ ಕೋಟು ಹಾಕಿ ಬಂದಿದ್ದ. "ನೋಡಿ, ಮುದ್ರೆ ಇದೆ. ಬೀಗ ಇದೆ. ಇದನ್ನ ಕಟ್ಟಿದವನು ನಾನು, ಕಪಾಟಿನ ಕೀಲಿ ನನ್ನ ಹತ್ರಾನೇ ಇದೆ. ನನ್ನ ಬಿಟ್ಟು ಒಂದು ನೊಣಾನೂ ಇದರೊಳಗೆ ಹೋಗಿಲ್ಲ. ದೇವರಾಣೆ ಬೇಕಾದ್ರೂ ಹೇಳ್ತೀನಿ."

"ದೇವರು ಬೇಡ, ಸಹಿ ಸಾಕು. ಬರ್ಕೋಮ್ಮಾ ಅವರು ಹೇಳಿದ್ದನ್ನ." ಅಧಿಕಾರಿ ಮೂಗು ಒರೆಸಿದ. ಹುಡುಗಿ ಬರೆದುಕೊಂಡಳು. ಗ್ಲೆಬ್ ಅರ್ಕಾದ್ಯೆವಿಚ್ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದ. "ಸರಿ. ಆ ಕೂಡಿನ ಹಾಳೆ ಯಾವುದು?"

"ಎಸ್-14."

ಹುಡುಗಿ ಪಟ್ಟಿಯನ್ನು ಕೆಳಗೆ ಓಡಿಸಿದಳು. ಎಸ್-12, ಎಸ್-13, ಎಸ್-14. ಒತ್ತಿದಳು. ಗ್ಲೆಬ್ ಅರ್ಕಾದ್ಯೆವಿಚ್ ತೆರೆಯನ್ನು ನೋಡದೆ ತೈಸಿಯಾಳ ಮುಖವನ್ನೇ ನೋಡುತ್ತಿದ್ದ. ಅದು ಬಿಳಚಿಕೊಳ್ಳುವುದನ್ನು ನೋಡಬೇಕೆಂದು ಅಷ್ಟು ದಿನ ಕಾದಿದ್ದ. ಅದು ಬಿಳಚಿಕೊಳ್ಳಲಿಲ್ಲ. ಅವಳು ಉಸಿರು ಬಿಟ್ಟು ಕಣ್ಣು ಒರೆಸಿಕೊಂಡಳು.

"ಹನ್ನೆರಡು" ಎಂದು ಎಣಿಸಿ ಹೇಳಿದ ಅಧಿಕಾರಿ.

"ಏನು ಹನ್ನೆರಡು?" ಗ್ಲೆಬ್ ಅರ್ಕಾದ್ಯೆವಿಚ್ ತಿರುಗಿದ. ಪರದೆಯ ಮೇಲೆ ಅವಳ ಹಾಳೆ ಹಾಸಿಗೆಯಷ್ಟಗಲ ಹರಡಿಕೊಂಡಿತ್ತು, ಹನ್ನೆರಡು ಬೋಲ್ಟೂ ಸೇರಿ. ಅವನ ಬಾಯಿಂದ ಮಾತು ಅವನ ಅಪ್ಪಣೆ ಕೇಳದೆ ಹೊರಬಿತ್ತು. "ಇದಲ್ಲ! ಇದು ಹೇಗೆ ಬಂತು? ಇನ್ನೊಂದು ತೆಗೀರಿ!"

ಅಧಿಕಾರಿಯ ಕರ್ಚೀಫು ಮೂಗಿನ ಹತ್ತಿರವೇ ನಿಂತಿತು.

"ಇನ್ನೊಂದಾ?" ಎಂದ ಮೆಲ್ಲಗೆ. "ಇನ್ನೊಂದು ಇದೆ ಅಂತ ನಿಮಗೆ ಹೆಂಗೆ ಗೊತ್ತು?"

ಹುಡುಗಿ ಪಟ್ಟಿಯನ್ನು ಮೇಲಕ್ಕೆ, ತೀರಾ ತಲೆಯವರೆಗೆ ಓಡಿಸಿದಳು. ಕಂಪ್ಯೂಟರು ಇಂಗ್ಲಿಷ್ ಹೆಸರುಗಳನ್ನು ಮೊದಲು ಇಟ್ಟು ರಷ್ಯನ್ ಹೆಸರುಗಳನ್ನು ಆಮೇಲೆ ಇಡುತ್ತದೆ. ಎಲ್ಲಕ್ಕಿಂತ ಮೇಲೆ, ಒಂಟಿಯಾಗಿ, ಅದೇ ಹೆಸರು ಇನ್ನೊಮ್ಮೆ ಕೂತಿತ್ತು. ಒತ್ತಿದಾಗ ಎಂಟು ಬೋಲ್ಟು ತೆರೆದುಕೊಂಡಿತು. ಗ್ಲೆಬ್ ಅರ್ಕಾದ್ಯೆವಿಚ್ ಎಲ್ಲರನ್ನೂ ತಳ್ಳಿಕೊಂಡು ಬಂದು ಮೌಸು ಕಿತ್ತುಕೊಂಡು ಅದನ್ನು ಅಳಿಸಲು ಒತ್ತಿದ, ಮತ್ತೆ ಒತ್ತಿದ, ಮತ್ತೆ ಒತ್ತಿದ. ಈ ಗಂಟಿಗೆ ಬೀಗ ಹಾಕಿದೆ, ಬದಲಿಸಲಾಗದು ಎಂದು ಪ್ರೋಗ್ರಾಮು ಮೂರು ಸಲವೂ ಹೇಳಿತು. ಅದರ ಕೆಳಗೆ ಮುದ್ರೆ ಬೆಳಗುತ್ತಿತ್ತು, ಗ್ಲೆಬ್ ಅರ್ಕಾದ್ಯೆವಿಚ್ ಸಾಲ್ನಿಕೊವ್. ಗೋಡೆಯ ಬಳಿಯಿಂದ ಕ್ಲಾವ್ದಿಯಾ ಎದ್ದು ಬಂದು ಆ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ತೈಸಿಯಾ ಕೂತಲ್ಲಿಂದ ಏಳಲಿಲ್ಲ. ಅವಳ ದನಿ ಸಿಟ್ಟಿನಿಂದ ನಡುಗುತ್ತಿತ್ತು, ಆದರೆ ಮರ್ಯಾದೆಯನ್ನು ಮೊದಲ ಸಲ ಪೂರ್ತಿಯಾಗಿ ಕೊಟ್ಟಳು: "ಗ್ಲೆಬ್ ಅರ್ಕಾದ್ಯೆವಿಚ್, ನಮ್ಮ ರಷ್ಯನ್ 'ಎಸ್' ಅಕ್ಷರಾನೂ ಇಂಗ್ಲಿಷಿನ 'ಸಿ' ಅಕ್ಷರಾನೂ ನೋಡೋಕೆ ಒಂದೇ ಥರ ಅರ್ಧಚಂದ್ರ, ಕೀಬೋರ್ಡಲ್ಲಿ ಗುಂಡೀನೂ ಒಂದೇ. ಎರಡೂ ಬೇರೆ ಬೇರೆ ಅಂತ ನಿಮ್ಮ ಕೈಲೇ ಅಷ್ಟೊಂದು ಹಾಳೆ ತಿದ್ದಿಸಿದ್ನಲ್ಲಾ. ನೀವು ಬರೆದಿರೋದು ಎಸ್-14 ಅಲ್ಲ, ಸಿ-14."